ಸರ್ವರಿನ ವಿಳಾಸ ಬದಲಾದಾಗ

ಮನುಷ್ಯನು ಮನೆ ಬದಲಿಸಿದರೆ ಅವನ ಹೆಸರಿನ ಕಾಗದಗಳು ಕೆಲವು ದಿನ ಹಳೆಯ ಮನೆಗೇ ಹೋಗುತ್ತವೆ. ಅಂಚೆಯವನಿಗೆ ಅವನ ಗುರುತಿದ್ದರೆ ಅವು ಹೊಸ ಮನೆಯನ್ನು ಸೇರುತ್ತವೆ. ಇಲ್ಲದಿದ್ದರೆ ಹಿಂದಿರುಗುತ್ತವೆ, ಅಥವಾ ಬೇರೆ ಯಾರದೋ ಕೈ ಸೇರುತ್ತವೆ. ಗಣಕ ಯಂತ್ರಗಳ ಜಾಲದಲ್ಲಿಯೂ ಇಂಥದೇ ಪ್ರಸಂಗ ದಿನವೂ ಒದಗುತ್ತದೆ. ಅಲ್ಲಿ ದಾರಿ ತಪ್ಪುವ ಕಾಗದದಲ್ಲಿ ಸಾವಿರಾರು ಜನರ ಹಣದ, ಆಸ್ತಿಯ ಲೆಕ್ಕ ಇರಬಹುದಾದುದರಿಂದ ಈ ವಿಷಯವನ್ನು ನಾವು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತ.

ಬ್ಯಾಂಕಿನ ಲೆಕ್ಕ, ರೈಲಿನ ಮುಂಗಡ ಟಿಕೆಟು, ಪರೀಕ್ಷೆಯ ಫಲಿತಾಂಶ, ಹೊಲದ ಪಹಣಿ ಇವೆಲ್ಲವೂ ಈಗ ಗಣಕ ಯಂತ್ರಗಳಲ್ಲಿ ಕ್ರಮವಾಗಿ ಜೋಡಿಸಿಡಲ್ಪಟ್ಟಿವೆ. ಹೀಗೆ ಜೋಡಿಸಿಟ್ಟ ಮಾಹಿತಿಯ ಭಂಡಾರಕ್ಕೆ ದತ್ತಸಂಚಯ ಅಥವಾ ಡೇಟಾಬೇಸ್ ಎಂದು ಹೆಸರು. ಕೇಳಿದವರಿಗೆ ಆ ಭಂಡಾರದಿಂದ ಮಾಹಿತಿಯನ್ನು ತೆಗೆದುಕೊಡುವ ಯಂತ್ರವೇ ಸರ್ವರ್. ಒಂದೇ ಸರ್ವರನ್ನು ನಂಬಿ ಕುಳಿತರೆ ಅದು ಕೆಟ್ಟ ದಿನ ಎಲ್ಲ ಕೆಲಸವೂ ನಿಲ್ಲುತ್ತದೆ. ಆದುದರಿಂದ ಅದೇ ದತ್ತಸಂಚಯದ ನಕಲನ್ನು ಮತ್ತೊಂದು ಸರ್ವರಿನಲ್ಲಿ ಇಟ್ಟು, ಮೂಲದಲ್ಲಿ ಆದ ಪ್ರತಿಯೊಂದು ಬದಲಾವಣೆಯೂ ನಕಲಿನಲ್ಲಿ ತಾನಾಗಿಯೇ ಆಗುವಂತೆ ಏರ್ಪಡಿಸುತ್ತಾರೆ. ಈ ಏರ್ಪಾಡಿಗೆ ರೆಪ್ಲಿಕೇಷನ್ ಎನ್ನುವರು. ಹೀಗಿರಲು, ಮೂಲ ಸರ್ವರಿನ ವಿಳಾಸವೇ ಬದಲಾದರೆ ನಕಲಿನ ಗತಿಯೇನು?

ಚಿದ್ರಿಯ ಹೊಲ

ಬೀದರ ನಗರದೊಳಗೆ ಈಗ ಸೇರಿಹೋಗಿರುವ ಚಿದ್ರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭಾಲ್ಕಿ, ಔರಾದ ತಾಲ್ಲೂಕುಗಳಂತೆ ಈ ಪ್ರದೇಶವೂ 1956ನೆಯ ಅಕ್ಟೋಬರ್ 31ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ಮರುದಿನ, ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾಗಿ ಇದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದೇ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡ ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೂ ಹೋದವು. ಒಂದೇ ರಾತ್ರಿಯಲ್ಲಿ ರಾಜಧಾನಿಯ ವಿಳಾಸ ಹೈದರಾಬಾದಿನಿಂದ ಬೆಂಗಳೂರಿಗೆ ಬದಲಾಯಿತು. ಹೊಲಗಳು ಮಾತ್ರ ಇದ್ದಲ್ಲಿಯೇ ಇದ್ದವು. ಹೊಲವನ್ನು ಗುರುತಿಸುವುದು ಊರಿನ ಹೆಸರು ಮತ್ತು ಸರ್ವೆ ನಂಬರು. ಅದರ ಲೆಕ್ಕವನ್ನು ಯಾವ ಪಟ್ಟಣದ ಕಚೇರಿಗೆ ಕಳುಹಿಸಬೇಕೆಂಬುದು ಬೇರೆಯ ವಿಷಯ. ಇವೆರಡೂ ಬೇರೆಬೇರೆಯಾಗಿದ್ದರೆ ಒಂದನ್ನು ಕದಲಿಸದೆ ಮತ್ತೊಂದನ್ನು ಬದಲಿಸಬಹುದು. ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲವೂ ಇದನ್ನೇ ಅವಲಂಬಿಸಿದೆ.

ಕರ್ನಾಟಕದಲ್ಲಿ ಪಹಣಿಯು ಗಣಕ ಯಂತ್ರವನ್ನು ಸೇರಿದುದು ‘ಭೂಮಿ’ ಎಂಬ ಯೋಜನೆಯ ಮೂಲಕ. 2000ದ ಸುಮಾರಿಗೆ ರೂಪುಗೊಂಡ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಯಂತ್ರಕ್ಕೆ ತುಂಬಲಾಯಿತು. ಮೊದಲು ಆಯಾ ತಾಲ್ಲೂಕಿನ ದತ್ತವು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇರುತ್ತಿತ್ತು. ತರುವಾಯ ಅದನ್ನು ಬೆಂಗಳೂರಿನ ರಾಜ್ಯ ದತ್ತ ಕೇಂದ್ರದಲ್ಲಿ ಒಂದುಗೂಡಿಸಲಾಯಿತು. ಬೆಳೆ ಸಾಲ, ಬೆಳೆ ವಿಮೆ, ಹೊಲದ ಕ್ರಯ ಇವೆಲ್ಲಕ್ಕೂ ಪಹಣಿ ಬೇಕು. ತೊಗರಿ, ಉದ್ದು, ಸೋಯಾ ಬಿತ್ತುವ ಮುಂಗಾರಿನ ದಿನಗಳಲ್ಲಿ ಪಹಣಿ ದೊರೆಯದೆ ಸಾಲ ತಡವಾದರೆ ಬಿತ್ತನೆಯ ಹದ ರೈತನಿಗಾಗಿ ಕಾದು ನಿಲ್ಲುವುದಿಲ್ಲ.

ತಿಳಿವಳಿಕೆಗಾಗಿ ಮಾತ್ರ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಪಹಣಿಗಳ ಒಂದು ಮೂಲ ಸರ್ವರ್ ಇದೆ. ಬೀದರದಲ್ಲಿ ಅದರ ಒಂದು ನಕಲು ಸರ್ವರ್ ಇದೆ. ‘ಭೂಮಿ’ಯ ಏರ್ಪಾಡು ಹೀಗೆಯೇ ಇದೆಯೆಂದು ನಮ್ಮ ಅಭಿಪ್ರಾಯವಲ್ಲ, ಇದು ಕೇವಲ ಕಲ್ಪನೆ.

ಕಿರ್ದಿ ಮತ್ತು ಖತಾವಣಿ

ವ್ಯಾಪಾರಿಗಳಲ್ಲಿ ಎರಡು ಬಗೆಯ ಲೆಕ್ಕದ ಪುಸ್ತಕಗಳನ್ನು ಇಡುವ ಪದ್ಧತಿಯುಂಟು. ದಿನದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುವ ಪುಸ್ತಕ ಕಿರ್ದಿ. ಅದರಿಂದ ಒಬ್ಬೊಬ್ಬರ ಲೆಕ್ಕವನ್ನು ಆರಿಸಿ ಅವರವರ ಹೆಸರಿನ ಪುಟದಲ್ಲಿ ಬರೆಯುವ ಪುಸ್ತಕ ಖತಾವಣಿ. ಖತಾವಣಿ ಕಳೆದುಹೋದರೂ ಮೊದಲಿನಿಂದ ಕಿರ್ದಿ ಇದ್ದರೆ ಅದನ್ನು ಮತ್ತೆ ಸಿದ್ಧಪಡಿಸಬಹುದು. ದತ್ತಸಂಚಯವೂ ಈ ಎರಡನ್ನೂ ಇಟ್ಟುಕೊಂಡಿರುತ್ತದೆ. ರೆಪ್ಲಿಕೇಷನ್ ಎಂದರೆ ಮೂಲ ಸರ್ವರ್ ತನ್ನ ಕಿರ್ದಿಯ ಸಾಲುಗಳನ್ನು ಒಂದೊಂದಾಗಿ ನಕಲು ಸರ್ವರಿಗೆ ಕಳುಹಿಸುವುದು, ನಕಲು ಸರ್ವರ್ ಅವನ್ನು ಅದೇ ಕ್ರಮದಲ್ಲಿ ತನ್ನ ಖತಾವಣಿಗೆ ಏರಿಸುವುದು, ಇಷ್ಟೇ. ಪ್ರತಿಯೊಂದು ಸಾಲಿಗೂ ಕ್ರಮಸಂಖ್ಯೆಯಿದೆ. ತಾನು ಯಾವ ಸಂಖ್ಯೆಯವರೆಗೆ ಬರೆದಿದ್ದೇನೆ ಎಂಬುದನ್ನು ನಕಲು ಸರ್ವರ್ ಗುರುತು ಮಾಡಿಕೊಂಡಿರುತ್ತದೆ.

ಬೆಂಗಳೂರಿನಿಂದ ಬೀದರಕ್ಕೆ ರಸ್ತೆಯ ದೂರ ಸುಮಾರು 700 ಕಿಲೋಮೀಟರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುವುದರಿಂದ, ಅಷ್ಟು ಉದ್ದದ ತಂತುವಿನಲ್ಲಿ ಒಂದು ಸಾಲು ಬಂದು ಸೇರಲು ಸೆಕೆಂಡಿನ ಸಾವಿರದಲ್ಲಿ ಮೂರೂವರೆ ಭಾಗವಾದರೂ ಬೇಕು. ಮೂಲವು ನಕಲಿಗಾಗಿ ಕಾಯದೆ ಮುಂದುವರಿಯುವ ಏರ್ಪಾಡಿನಲ್ಲಿ ನಕಲು ಯಾವಾಗಲೂ ಸ್ವಲ್ಪ ಹಿಂದೆಯೇ ಇರುತ್ತದೆ.

ಆದುದರಿಂದ ನಕಲು ಸರ್ವರ್ ಮೂರು ಸಂಗತಿಗಳನ್ನು ತಿಳಿದಿರಬೇಕು: ತನ್ನ ಮೂಲ ಯಾರು, ಅದು ಎಲ್ಲಿದೆ, ಅದರ ಕಿರ್ದಿಯನ್ನು ತಾನು ಎಲ್ಲಿಯವರೆಗೆ ಬರೆದಾಗಿದೆ. ವಿಳಾಸ ಬದಲಾದಾಗ ಬದಲಾಗಬೇಕಾದುದು ಎರಡನೆಯದು ಮಾತ್ರ. ಉಳಿದೆರಡೂ ಅದರೊಡನೆ ಕಲಸಿಹೋದರೆ ತೊಡಕು ಹುಟ್ಟುತ್ತದೆ.

ವಿಳಾಸವೇಕೆ ಬದಲಾಗುತ್ತದೆ?

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಐಪಿ ವಿಳಾಸವೆಂಬ ಸಂಖ್ಯೆಯುಂಟು. ಅದನ್ನು 10.20.30.5 ಎಂಬಂತೆ ನಾಲ್ಕು ಭಾಗಗಳಲ್ಲಿ ಬರೆಯುತ್ತಾರೆ. ಇದರ ಮೊದಲ ಭಾಗವು ಯಂತ್ರ ಯಾವ ಜಾಲದಲ್ಲಿದೆಯೆಂದೂ ಉಳಿದ ಭಾಗವು ಆ ಜಾಲದೊಳಗೆ ಅದು ಯಾವುದೆಂದೂ ಹೇಳುತ್ತದೆ. ಅಂಚೆ ಇಲಾಖೆ 1972ರಲ್ಲಿ ಜಾರಿಗೆ ತಂದ ಪಿನ್ ಕೋಡಿನ ಮೊದಲ ಅಂಕಿಗಳು ಪ್ರದೇಶವನ್ನು ಸೂಚಿಸುವಂತೆಯೇ ಇದು. ಭಾಲ್ಕಿಯ ಪಿನ್ ಕೋಡನ್ನು ಹಿಡಿದುಕೊಂಡು ಬೆಂಗಳೂರಿನಲ್ಲಿ ಕಾಗದ ಪಡೆಯಲು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಒಂದು ಜಾಲದ ವಿಳಾಸವನ್ನು ಮತ್ತೊಂದು ಜಾಲಕ್ಕೆ ಕೊಂಡೊಯ್ಯುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ನಿಮ್ಮ ಮೊಬೈಲಿನ ಐಪಿ ವಿಳಾಸವನ್ನು ಮನೆಯ ವೈಫೈನಲ್ಲಿ ಒಮ್ಮೆ, ಕಾಲೇಜಿನ ವೈಫೈನಲ್ಲಿ ಒಮ್ಮೆ ನೋಡಿ ಬರೆದುಕೊಳ್ಳಿ. ಮೊಬೈಲು ಅದೇ, ವಿಳಾಸಗಳು ಮಾತ್ರ ಸಾಮಾನ್ಯವಾಗಿ ಬೇರೆಬೇರೆಯಾಗಿರುತ್ತವೆ.

ಸರ್ವರಿಗೂ ಇದೇ ನಿಯಮ. ಕಟ್ಟಡ ಬದಲಾದಾಗ, ಇಂಟರ್ನೆಟ್ ಒದಗಿಸುವ ಸಂಸ್ಥೆ ಬದಲಾದಾಗ, ತಾತ್ಕಾಲಿಕವಾಗಿ ಕೊಟ್ಟ ವಿಳಾಸದ ಅವಧಿ ಮುಗಿದಾಗ ಹೊಸ ವಿಳಾಸ ಬರುತ್ತದೆ. ಮತ್ತೊಂದು ಕಾರಣವೂ ಇದೆ. ಹಳೆಯ ಬಗೆಯ ವಿಳಾಸಗಳು 32 ದ್ವಿಮಾನ ಅಂಕಿಗಳವು; ಅವುಗಳ ಒಟ್ಟು ಸಂಖ್ಯೆ 4,29,49,67,296 ಮಾತ್ರ. ಇವುಗಳ ಕೇಂದ್ರ ದಾಸ್ತಾನಿನ ಕೊನೆಯ ಭಾಗಗಳು 2011ನೆಯ ಫೆಬ್ರವರಿ 3ರಂದು ಹಂಚಿಹೋದವು. 128 ದ್ವಿಮಾನ ಅಂಕಿಗಳ ಹೊಸ ವಿಳಾಸಗಳಿಗೆ ಸಾಗುವುದೂ ವಿಳಾಸ ಬದಲಾವಣೆಯೇ.

ಮೌನದ ಅಪಾಯ

ನಮ್ಮ ಕಲ್ಪನೆಯ ಬೆಂಗಳೂರಿನ ಸರ್ವರ್ ಒಂದು ರಾತ್ರಿ ಬೇರೆ ವಿಳಾಸಕ್ಕೆ ಹೋಯಿತೆನ್ನೋಣ. ಅದಕ್ಕೂ ಬೀದರದ ಸರ್ವರಿಗೂ ನಡುವಣ ಸಂಪರ್ಕವನ್ನು ಎರಡು ಕಡೆಯ ವಿಳಾಸಗಳಿಂದಲೂ ಎರಡು ಕಡೆಯ ದ್ವಾರಸಂಖ್ಯೆಗಳಿಂದಲೂ ಗುರುತಿಸಲಾಗುತ್ತದೆ. ಅವುಗಳಲ್ಲಿ ಒಂದು ಬದಲಾದರೂ ಆ ಸಂಪರ್ಕ ಸತ್ತಂತೆ. ಆದರೆ ಅದು ಸತ್ತಿತೆಂದು ಬೀದರಕ್ಕೆ ಯಾರೂ ತಿಳಿಸುವುದಿಲ್ಲ. ಬೀದರದ ಸರ್ವರಿಗೆ ಕಾಣುವುದು ಮೌನವೊಂದೇ. ಮೌನಕ್ಕೆ ಎರಡು ಅರ್ಥ: ಬೆಂಗಳೂರಿನಲ್ಲಿ ಹೊಸ ಬದಲಾವಣೆ ಯಾವುದೂ ಆಗಿಲ್ಲ ಎಂಬುದು ಒಂದು, ಆಗುತ್ತಿದ್ದರೂ ನಮಗೆ ಬಂದು ಸೇರುತ್ತಿಲ್ಲ ಎಂಬುದು ಇನ್ನೊಂದು.

ಮೈಎಸ್‌ಕ್ಯೂಎಲ್ ಎಂಬುದು ಬಹಳ ಬಳಕೆಯಲ್ಲಿರುವ ಒಂದು ದತ್ತಸಂಚಯ. ಅದರಲ್ಲಿ ನಕಲು ಸರ್ವರ್ ಹೀಗೆ ಮೌನವಾಗಿ ಕಾಯುವ ಅವಧಿ, ಬೇರೆ ಸೂಚನೆ ಕೊಡದಿದ್ದರೆ, ಮೊದಲು 3600 ಸೆಕೆಂಡು, ಎಂದರೆ ಪೂರಾ ಒಂದು ಗಂಟೆಯಾಗಿತ್ತು. 2015ರಲ್ಲಿ ಬಂದ 5.7ನೆಯ ಆವೃತ್ತಿಯಲ್ಲಿ ಇದನ್ನು 60 ಸೆಕೆಂಡಿಗೆ ಇಳಿಸಿದರು. ಹೇಳುವ ಸಮಾಚಾರ ಏನೂ ಇಲ್ಲದಾಗಲೂ ಮೂಲ ಸರ್ವರ್ ಆಗಾಗ್ಗೆ ‘ನಾನಿದ್ದೇನೆ’ ಎಂಬ ಸಣ್ಣ ಸಂಕೇತವನ್ನು ಕಳುಹಿಸುತ್ತಿರುತ್ತದೆ. ಇದಕ್ಕೆ ನಾಡಿಮಿಡಿತವೆಂದು ಹೆಸರಿಡಬಹುದು. ನಾಡಿ ನಿಂತಿತೆಂದರೆ ನಕಲು ಸರ್ವರ್ ಮತ್ತೆ ಮತ್ತೆ ಕರೆಯಲಾರಂಭಿಸುತ್ತದೆ. ಆದರೆ ಹಳೆಯ ವಿಳಾಸಕ್ಕೇ ಕರೆದರೆ ಉತ್ತರವೆಲ್ಲಿ? ಯಾರೂ ಗಮನಿಸದೆ ಹೀಗೆಯೇ ಒಂದು ತಿಂಗಳು ಕಳೆದು, ಆಮೇಲೆ ಮೂಲ ಸರ್ವರ್ ಕೆಟ್ಟಿತೆಂದರೆ, ಆ ತಿಂಗಳಲ್ಲಿ ಹೆಸರು ಬದಲಾದ ಹೊಲಗಳ ಲೆಕ್ಕ ಬೀದರದ ನಕಲಿನಲ್ಲಿ ಇರುವುದೇ ಇಲ್ಲ. ನಕಲು ಇದೆಯೆಂಬ ಭರವಸೆ ಮಾತ್ರ ಇದ್ದು ನಕಲು ಇಲ್ಲದಿರುವುದು, ನಕಲೇ ಇಲ್ಲವೆಂದು ತಿಳಿದಿರುವುದಕ್ಕಿಂತ ಅಪಾಯಕರ.

ಹೆಸರಿನಿಂದ ಹುಡುಕುವುದು

ಇದಕ್ಕೆ ಮೊದಲನೆಯ ಪರಿಹಾರವೆಂದರೆ ನಕಲು ಸರ್ವರಿಗೆ ಸಂಖ್ಯೆಯನ್ನು ಕೊಡದೆ ಮೂಲದ ಹೆಸರನ್ನು ಕೊಡುವುದು. ಹೆಸರನ್ನು ಹೇಳಿದರೆ ಸಂಖ್ಯೆಯನ್ನು ತಿಳಿಸುವ ಏರ್ಪಾಡೊಂದು ಇಂಟರ್ನೆಟ್ಟಿನಲ್ಲಿ ಇದೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬಾತನು ರೂಪಿಸಿದ ಈ ಏರ್ಪಾಡಿನ ಹೆಸರು ಡಿಎನ್ಎಸ್. ಸರ್ವರ್ ಸ್ಥಳ ಬದಲಿಸಿದಾಗ ಈ ಹೆಸರಿನ ಪುಸ್ತಕದಲ್ಲಿ ಒಂದು ಸಾಲನ್ನು ತಿದ್ದಿದರೆ ಸಾಕು. ನಕಲು ಸರ್ವರ್ ಮುಂದಿನ ಸಲ ಕರೆಯುವಾಗ ಹೆಸರನ್ನು ಕೇಳಿ ಹೊಸ ಸಂಖ್ಯೆಯನ್ನು ಪಡೆಯುತ್ತದೆ. ಮಾಂಗೋಡಿಬಿ ಎಂಬ ದತ್ತಸಂಚಯವು ತನ್ನ 5.0 ಆವೃತ್ತಿಯಿಂದ, ಕೇವಲ ಐಪಿ ಸಂಖ್ಯೆಯಿಂದ ನಮೂದಿಸಿದ ಸರ್ವರನ್ನು ನಕಲುಗಳ ಗುಂಪಿನಲ್ಲಿ ಆರಂಭವಾಗುವುದಕ್ಕೇ ಬಿಡುವುದಿಲ್ಲ.

ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಪ್ರತಿಸಲವೂ ಪುಸ್ತಕವನ್ನು ಕೇಳುವುದು ಕಾಲಹರಣವಾದುದರಿಂದ ಯಂತ್ರಗಳು ಒಮ್ಮೆ ಪಡೆದ ಉತ್ತರವನ್ನು ಸ್ವಲ್ಪ ಕಾಲ ನೆನಪಿನಲ್ಲಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಎಂಬುದನ್ನು ಉತ್ತರದೊಡನೆಯೇ ಸೆಕೆಂಡುಗಳಲ್ಲಿ ಬರೆದಿರುತ್ತದೆ. ಅದು 86,400 ಎಂದಿದ್ದರೆ ಒಂದು ಇಡೀ ದಿನ ಹಳೆಯ ವಿಳಾಸವೇ ಚಲಾವಣೆಯಲ್ಲಿ ಇರಬಹುದು. ಆದಕಾರಣ ತಿಳಿದವರು ಸರ್ವರನ್ನು ಸಾಗಿಸುವ ಒಂದೆರಡು ದಿನ ಮುಂಚೆಯೇ ಈ ಅಂಕಿಯನ್ನು 300ಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸಿಡುತ್ತಾರೆ.

ಮನೆ ಬದಲಾದರೆ ಮನುಷ್ಯನೂ ಬದಲಾದನೆ?

ಹೊಸ ವಿಳಾಸದಲ್ಲಿ ಯಾರೋ ಉತ್ತರ ಕೊಟ್ಟರು. ಅವರು ನಮ್ಮ ಹಳೆಯ ಮೂಲವೇ, ಅಥವಾ ಬೇರೆಯವರೇ? ಈ ಪ್ರಶ್ನೆಗೆ ಬೇರೆಬೇರೆ ದತ್ತಸಂಚಯಗಳು ಕೊಟ್ಟ ಉತ್ತರಗಳನ್ನು ಹೋಲಿಸುವುದು ಸ್ವಾರಸ್ಯಕರ.

ಮೈಎಸ್‌ಕ್ಯೂಎಲ್‌ನ ಹಳೆಯ ಪದ್ಧತಿಯಲ್ಲಿ, ನಕಲು ಸರ್ವರಿಗೆ ಮೂಲದ ಹೊಸ ವಿಳಾಸವನ್ನು ತಿಳಿಸಿದ ಕೂಡಲೆ ಅದು ‘ಮೂಲವೇ ಬೇರೆಯಾಯಿತು’ ಎಂದು ಭಾವಿಸುತ್ತದೆ. ಅದರಿಂದ ತಾನು ಕಿರ್ದಿಯ ಯಾವ ಸಾಲಿನವರೆಗೆ ಬರೆದಿದ್ದೆನೆಂಬ ಗುರುತನ್ನು ಅಳಿಸಿಬಿಟ್ಟು, ಹೊಸ ಗುರುತನ್ನು ನಾವು ಕೊಡದಿದ್ದರೆ ಮೊದಲಿನಿಂದ ಓದಲು ಹೊರಡುತ್ತದೆ. ವಿಳಾಸ, ಗುರುತು, ಸಾಲಿನ ಸಂಖ್ಯೆ ಮೂರೂ ಒಂದಕ್ಕೊಂದು ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಹಳೆಯ ಸಾಲಿನ ಸಂಖ್ಯೆಯನ್ನು ಮುಂಚೆಯೇ ಬರೆದಿಟ್ಟುಕೊಂಡು ವಿಳಾಸದೊಡನೆ ಮತ್ತೆ ತಿಳಿಸುವುದು ನಿರ್ವಾಹಕನ ಕರ್ತವ್ಯವಾಗುತ್ತದೆ. 2013ರಲ್ಲಿ ಬಂದ 5.6ನೆಯ ಆವೃತ್ತಿಯು ಈ ಗಂಟನ್ನು ಬಿಡಿಸುವ ಒಂದು ಉಪಾಯವನ್ನು ತಂದಿತು. ಅದರಂತೆ ಪ್ರತಿಯೊಂದು ಸರ್ವರಿಗೂ ವಿಳಾಸಕ್ಕೆ ಸಂಬಂಧಿಸದ ಶಾಶ್ವತವಾದ ಗುರುತುಸಂಖ್ಯೆಯಿರುತ್ತದೆ. ಕಿರ್ದಿಯ ಪ್ರತಿಯೊಂದು ವ್ಯವಹಾರದ ಮೇಲೂ ಅದು ಹುಟ್ಟಿದ ಸರ್ವರಿನ ಗುರುತುಸಂಖ್ಯೆ ಮತ್ತು ಕ್ರಮಸಂಖ್ಯೆ ಜೊತೆಯಾಗಿ ಬರೆಯಲ್ಪಡುತ್ತವೆ. ನಕಲು ಸರ್ವರ್ ಹೊಸ ವಿಳಾಸಕ್ಕೆ ಹೋಗಿ ‘ನನ್ನ ಬಳಿ ಇಂತಿಂಥವು ಇವೆ, ಉಳಿದುದನ್ನು ಕೊಡು’ ಎಂದರಾಯಿತು.

ಪೋಸ್ಟ್‌ಗ್ರೆಸ್ ಎಂಬ ಮತ್ತೊಂದು ದತ್ತಸಂಚಯವು ಹುಟ್ಟುವಾಗಲೇ 64 ದ್ವಿಮಾನ ಅಂಕಿಗಳ ಗುರುತುಸಂಖ್ಯೆಯೊಂದನ್ನು ಪಡೆಯುತ್ತದೆ. ಅದರ ನಕಲುಗಳಲ್ಲಿಯೂ ಇದೇ ಸಂಖ್ಯೆ ಇರುತ್ತದೆ. ನಕಲು ಸರ್ವರ್ ಸಂಪರ್ಕ ಮಾಡಿದೊಡನೆ ಇದನ್ನು ಹೋಲಿಸಿ ನೋಡುತ್ತದೆ. ಸಂಖ್ಯೆ ಹೊಂದದಿದ್ದರೆ, ವಿಳಾಸ ಸರಿಯಾಗಿದ್ದರೂ ಒಂದು ಸಾಲನ್ನೂ ತೆಗೆದುಕೊಳ್ಳುವುದಿಲ್ಲ. ಕ್ಯಾಸಾಂಡ್ರಾ ಎಂಬುದರಲ್ಲಿ ಮೂಲ, ನಕಲು ಎಂಬ ಭೇದವಿಲ್ಲದೆ ಅನೇಕ ಸರ್ವರುಗಳು ಸಮಾನವಾಗಿ ಕೂಡಿರುತ್ತವೆ. ಅವು ಸೆಕೆಂಡಿಗೊಮ್ಮೆ ಗುಂಪಿನ ಒಂದೆರಡು ಸರ್ವರುಗಳೊಡನೆ ಮಾತನಾಡಿ, ತಮ್ಮ ಮತ್ತು ಇತರರ ಸಮಾಚಾರವನ್ನು ವಿನಿಮಯ ಮಾಡಿಕೊಳ್ಳುತ್ತವೆ. ಬಾವಿಕಟ್ಟೆಯ ಮಾತು ಊರೆಲ್ಲ ಹರಡುವಂತೆ, ‘ಇಂಥ ಗುರುತಿನವನು ಈಗ ಇಂಥ ವಿಳಾಸದಲ್ಲಿದ್ದಾನೆ’ ಎಂಬುದು ಸ್ವಲ್ಪ ಕಾಲದಲ್ಲಿಯೇ ಎಲ್ಲರಿಗೂ ತಿಳಿಯುತ್ತದೆ.

ಒಂದು ಹೊಲಕ್ಕೆ ಇಬ್ಬರು ಒಡೆಯರು

ಎಲ್ಲಕ್ಕಿಂತ ಘೋರವಾದ ಪ್ರಮಾದ ಮತ್ತೊಂದಿದೆ. ಬೆಂಗಳೂರಿನ ಸರ್ವರ್ ಬದುಕಿದೆ, ವಿಳಾಸ ಮಾತ್ರ ಬದಲಾಗಿದೆ. ಬೀದರದ ಸರ್ವರ್ ಅದು ಸತ್ತಿತೆಂದು ತಿಳಿದು ತಾನೇ ಮೂಲವೆಂದು ಸಾರಿಕೊಂಡಿತೆನ್ನೋಣ. ಈಗ ಎರಡು ಕಡೆಯೂ ಹೊಸ ವ್ಯವಹಾರಗಳನ್ನು ಬರೆದುಕೊಳ್ಳಲಾರಂಭಿಸುತ್ತವೆ. ಚಿದ್ರಿಯ ಒಂದೇ ಸರ್ವೆ ನಂಬರಿನ ಹೊಲ ಒಂದು ಕಡೆ ಒಬ್ಬನ ಹೆಸರಿಗೂ ಇನ್ನೊಂದು ಕಡೆ ಮತ್ತೊಬ್ಬನ ಹೆಸರಿಗೂ ಆಗಿಬಿಡಬಹುದು. ಆಮೇಲೆ ಎರಡು ಕಿರ್ದಿಗಳನ್ನು ಒಂದುಗೂಡಿಸಲು ಯಂತ್ರಕ್ಕೆ ಸಾಧ್ಯವಾಗುವುದಿಲ್ಲ. ಅದು ನ್ಯಾಯಾಲಯದ ಕೆಲಸವಾಗುತ್ತದೆ.

ಇದನ್ನು ತಡೆಯುವ ಉಪಾಯ ಬಹುಮತ. ಐದು ಸರ್ವರುಗಳಿದ್ದರೆ ಮೂರರ ಒಪ್ಪಿಗೆ ಇಲ್ಲದೆ ಯಾವುದೂ ಮೂಲವಾಗಬಾರದು, ಯಾವ ಸಾಲೂ ಬರೆಯಲ್ಪಟ್ಟಿತೆಂದು ಎಣಿಸಬಾರದು. ಐದರಲ್ಲಿ ಮೂರು ಮೂರರ ಎರಡು ಗುಂಪುಗಳನ್ನು ಹೇಗೆ ಆರಿಸಿದರೂ ಕನಿಷ್ಠ ಪಕ್ಷ ಒಂದು ಸರ್ವರ್ ಎರಡರಲ್ಲಿಯೂ ಇದ್ದೇ ಇರುತ್ತದೆ; ಕಾಗದದ ಮೇಲೆ ಬರೆದು ನೋಡಿದರೆ ಇದು ತಾನಾಗಿಯೇ ಸ್ಪಷ್ಟವಾಗುವುದು. ಅದು ಒಂದೇ ಸಲಕ್ಕೆ ಎರಡು ಮೂಲಗಳನ್ನು ಒಪ್ಪುವುದಿಲ್ಲವಾದುದರಿಂದ ಇಬ್ಬರು ಒಡೆಯರು ಉಂಟಾಗಲಾರರು. 2014ರಲ್ಲಿ ಡಿಯೆಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ ಎಂಬವರು ಪ್ರಕಟಿಸಿದ ರಾಫ್ಟ್ ಎಂಬ ವಿಧಾನದಲ್ಲಿ, ಗುಂಪಿನ ಸದಸ್ಯರ ಪಟ್ಟಿಯಲ್ಲಿ ಆಗುವ ಬದಲಾವಣೆಯನ್ನು ಕೂಡ ಕಿರ್ದಿಯಲ್ಲಿಯೇ ಒಂದು ಸಾಲಾಗಿ ಬರೆದು ಬಹುಮತದಿಂದ ಒಪ್ಪಿಸಬೇಕು.

ಇಂಥ ಏರ್ಪಾಡಿನಲ್ಲಿಯೂ ಎಚ್ಚರ ತಪ್ಪುವಂತಿಲ್ಲ. 2018ನೆಯ ಅಕ್ಟೋಬರ್ 21ರಂದು ಗಿಟ್‌ಹಬ್ ಎಂಬ ಸಂಸ್ಥೆಯ ಎರಡು ಕೇಂದ್ರಗಳ ನಡುವೆ ಜಾಲ 43 ಸೆಕೆಂಡುಗಳ ಕಾಲ ಕಡಿದುಹೋಯಿತು. ಅಲ್ಲಿ ವಿಳಾಸ ಬದಲಾಗಿರಲಿಲ್ಲ. ಆದರೆ ಮೂಲದ ಸ್ಥಾನ ಅಮೆರಿಕದ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಹೋಯಿತು. ಪೂರ್ವದಲ್ಲಿ ಬರೆದ ಕೆಲವು ಸಾಲುಗಳು ಪಶ್ಚಿಮಕ್ಕೆ ತಲಪಿರಲಿಲ್ಲ. ಎರಡನ್ನೂ ಸರಿಪಡಿಸಿ ಸೇವೆಯನ್ನು ಪೂರ್ವಸ್ಥಿತಿಗೆ ತರಲು 24 ಗಂಟೆ 11 ನಿಮಿಷಗಳು ಹಿಡಿದವು.

ಹೆಸರಿನ ಪುಸ್ತಕವೇ ಮನೆ ಬದಲಿಸಿದರೆ?

ಹೆಸರಿನಿಂದ ವಿಳಾಸವನ್ನು ತಿಳಿಯಬಹುದೆಂದೆವು. ಹಾಗಾದರೆ ಆ ಹೆಸರಿನ ಪುಸ್ತಕವನ್ನು ಇಟ್ಟುಕೊಂಡಿರುವ ಸರ್ವರಿನ ವಿಳಾಸವನ್ನು ತಿಳಿಯುವುದೆಂತು? ಡಿಎನ್ಎಸ್‌ನ ತುದಿಯಲ್ಲಿ, ಎಯಿಂದ ಎಂ ವರೆಗಿನ ಅಕ್ಷರಗಳ 13 ಹೆಸರುಗಳಲ್ಲಿ ಕರೆಯಲ್ಪಡುವ ಮೂಲಬೇರಿನ ಸರ್ವರುಗಳಿವೆ. ಒಂದೇ ದತ್ತದ ನಕಲು ಇವೆಲ್ಲದರಲ್ಲಿಯೂ ಇದೆ. ಇವುಗಳ ವಿಳಾಸಗಳನ್ನು ಮಾತ್ರ ಸಂಖ್ಯೆಯಾಗಿಯೇ ಮೊದಲೇ ತಿಳಿದಿರಬೇಕು. ಆದರೂ ಇವು ಬದಲಾಗುವುದುಂಟು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವು ನಡೆಸುವ ಡಿ ಸರ್ವರಿನ ವಿಳಾಸ 2013ನೆಯ ಜನವರಿ 3ರಂದು 128.8.10.90 ಎಂಬುದರಿಂದ 199.7.91.13ಕ್ಕೆ ಬದಲಾಯಿತು. ಬಿ ಸರ್ವರಿನ ವಿಳಾಸ 2023ನೆಯ ನವೆಂಬರ್ 27ರಂದು ಬದಲಾಯಿತು.

ಇದರಿಂದ ಇಂಟರ್ನೆಟ್ ನಿಲ್ಲಲಿಲ್ಲ. ಹೇಗೆಂದರೆ, ಹೆಸರು ಹುಡುಕುವ ಯಂತ್ರವು ಕೆಲಸ ಆರಂಭಿಸುವಾಗ 13ರಲ್ಲಿ ಯಾವುದಾದರೊಂದನ್ನು ಕೇಳಿ ಈಗಿನ ಪೂರ್ಣ ಪಟ್ಟಿಯನ್ನು ಪಡೆಯುತ್ತದೆ. ಒಂದು ಬದಲಾದರೂ ಉಳಿದ ಹನ್ನೆರಡು ಅದರ ಹೊಸ ವಿಳಾಸವನ್ನು ಹೇಳಬಲ್ಲವು. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಸಾಹಸವನ್ನು ಯಾರೂ ಮಾಡುವುದಿಲ್ಲ. ಅಲ್ಲದೆ ಹಳೆಯ ವಿಳಾಸದಲ್ಲಿಯೂ ಬಹುಕಾಲ ಉತ್ತರ ಕೊಡುವ ಏರ್ಪಾಡನ್ನು ಉಳಿಸಿಕೊಳ್ಳುತ್ತಾರೆ. 2002ರಲ್ಲಿ ಬದಲಾದ ಜೆ ಸರ್ವರಿನ ಹಳೆಯ ವಿಳಾಸಕ್ಕೆ ಎರಡು ವರ್ಷಗಳ ಮೇಲೆಯೂ ಪ್ರಶ್ನೆಗಳು ಬರುತ್ತಲೇ ಇದ್ದವು!

ಸಾಗಿಸುವ ಕ್ರಮ

ಇಷ್ಟನ್ನು ತಿಳಿದಮೇಲೆ ನಮ್ಮ ಕಲ್ಪನೆಯ ಪಹಣಿ ಸರ್ವರನ್ನು ಸಾಗಿಸುವ ಕ್ರಮವನ್ನು ವಾಚಕರೇ ಊಹಿಸಬಲ್ಲರು. ಹೆಸರಿನ ಉತ್ತರ ನೆನಪಿನಲ್ಲಿರುವ ಅವಧಿಯನ್ನು ಮುಂಚೆಯೇ ಇಳಿಸಬೇಕು. ಹೊಸ ವಿಳಾಸದಿಂದ ಬರುವ ಸಂಪರ್ಕವನ್ನು ಎರಡು ಕಡೆಯ ಕಾವಲೂ ಒಳಗೆ ಬಿಡುವಂತೆ ಅನುಮತಿಯ ಪಟ್ಟಿಗಳನ್ನು ತಿದ್ದಬೇಕು. ಬಳಿಕ ಹೊಸ ಬರವಣಿಗೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬೆಂಗಳೂರಿನ ಕಿರ್ದಿಯ ಕೊನೆಯ ಸಂಖ್ಯೆಯೂ ಬೀದರದಲ್ಲಿ ಬರೆದಾದ ಕೊನೆಯ ಸಂಖ್ಯೆಯೂ ಒಂದೇ ಆಗಿವೆಯೆಂದು ನೋಡಬೇಕು. ವಿಳಾಸ ಬದಲಾದ ಮೇಲೆ ಗುರುತುಸಂಖ್ಯೆಯನ್ನು ಹೋಲಿಸಬೇಕು. ಹಳೆಯ ವಿಳಾಸಕ್ಕೆ ಇನ್ನೂ ಯಾರು ಬಂದು ಕದ ತಟ್ಟುತ್ತಿದ್ದಾರೆಂದು ಕೆಲವು ಕಾಲ ಗಮನಿಸಬೇಕು.

ಕಡೆಯದಾಗಿ, ಬೆಂಗಳೂರಿನಲ್ಲಿ ಪರೀಕ್ಷೆಗೆಂದು ಒಂದು ಸಾಲನ್ನು ಬರೆದು, ಅದು ಬೀದರದಲ್ಲಿ ಕಾಣಿಸಿಕೊಳ್ಳುವುದೇ ಎಂದು ಕಣ್ಣಾರೆ ನೋಡಬೇಕು. ಯಂತ್ರಗಳು ಒಂದಕ್ಕೊಂದು ಉತ್ತರ ಕೊಡುತ್ತಿವೆಯೆಂದ ಮಾತ್ರಕ್ಕೆ ನಕಲು ನಡೆಯುತ್ತಿದೆಯೆಂದು ತಿಳಿಯಲಾಗದು. ಆ ಸಾಲು ಬಂದು ಸೇರಿದ ಮೇಲೆಯೇ, ಚಿದ್ರಿಯ ರೈತನ ಹೊಲದ ಲೆಕ್ಕ ಎರಡು ಕಡೆಯೂ ಭದ್ರವಾಗಿದೆಯೆಂದು ಹೇಳಬಹುದು.